ಸಂತ ಮಂಡೇಯ ಒಕ್ಕಲು

ನನ್ನ ತಮ್ಮ ಏಮಸ್ ಕ್ರೆಸ್ವಿಕ್ ಚರ್ಚಿನ ಮೆಟ್ಟಿಲು ಹತ್ತಿದ್ದು ಮದುವೆಗೊಂದು ಸಲ, ಮಗುವನ್ನು ಮಣ್ಣು ಮಾಡುವುದಕ್ಕೊಂದು ಸಲ. ಹಾಗೆಂದು ಅವನಿಗೆ ದೈವಭಕ್ತಿ ಇರಲಿಲ್ಲ ಅಂದವರ ಬಾಯಿಗೆ ಮಣ್ಣು ಬೀಳಲಿ. ಅವನಿಗೂ ಒಬ್ಬ ಸಂತ ಇದ್ದ. ಆ ಸಂತನ ಹೆಸರು ಮಂಡೇ. ನಮ್ಮ ಶೆಫೀಲ್ಡಿನ ಸಾಣೆಯವರೆಲ್ಲ ಅವನ ಒಕ್ಕಲು. ಪೋಪನಿಗೆ ಗೊತ್ತಿಲ್ಲದ, ಯಾವ ಗುಡಿಯಲ್ಲೂ ವಿಗ್ರಹ ಇಲ್ಲದ ಈ ಸಂತನಿಗೆ ವಾರವಾರವೂ ತಪ್ಪದೆ ಹಬ್ಬ ನಡೆಯುತ್ತಿತ್ತು. ಭಾನುವಾರ ದೇವರು ವಿಶ್ರಾಂತಿ ತಗೊಂಡ, ಸೋಮವಾರ ನಾವು ತಗೋತೀವಿ ಎನ್ನುವುದು ಅವರ ವಾದ.

ರಾಣಿ ಪಟ್ಟಕ್ಕೆ ಬಂದ ಹೊಸದರಲ್ಲಿ ನಡೆದ ಕಥೆ ಇದು. ಸಾಣೆಯವರು ಎಂದರೆ ಚಾಕು ಕತ್ತರಿ ಮಸೆಯುತ್ತ ಬೀದಿ ಸುತ್ತುವವರು ಎಂದು ಯಾರೂ ತಿಳಿಯಬೇಡಿ. ಏಮಸ್ ಫೋರ್ಕಿನ ಸಾಣೆಯವನು. ಕುಲುಮೆಯಿಂದ ಬಂದ ಕಪ್ಪು ಫೋರ್ಕುಗಳನ್ನು ಉಗಿಯಂತ್ರ ತಿರುಗಿಸುವ ಕಲ್ಲಿಗೆ ಒತ್ತಿ ಬೆಳ್ಳಗೆ ಮಾಡುವುದು ಅವನ ಕೆಲಸ. ಕುದುರೆ ಎಂದು ನಾವು ಕರೆಯುವ ಮರದ ಪೀಠದ ಮೇಲೆ ಕಾಲು ಚಾಚಿ ಕೂತು, ಕಲ್ಲಿನ ಮೇಲೆ ಬಗ್ಗಿ, ಮುಖವನ್ನು ಅದಕ್ಕೇ ಒಡ್ಡಿಕೊಂಡಿರಬೇಕು. ಚಾಕುವಿನವರಾದರೂ ನೀರು ಹಾಕಿ ಮಸೆಯುತ್ತಾರೆ. ಫೋರ್ಕಿಗೆ ನೀರಿಲ್ಲ, ಒಣ ಸಾಣೆ. ಕಲ್ಲಿನ ಪುಡಿ, ಉಕ್ಕಿನ ಪುಡಿ ಎರಡೂ ನೇರ ಮೂಗಿಗೆ. ಮೂವತ್ತು ದಾಟಿದ ಫೋರ್ಕಿನವನು ಕಂಡರೆ ನಮ್ಮ ಬೀದಿಯವರು ಬೆರಳು ಮಾಡಿ ತೋರಿಸುತ್ತಿದ್ದರು.

ನಾನು ಕೆಜಾಯ, ಅವನ ಅಕ್ಕ. ಇವರು ಮಸೆದು ಕಳಿಸಿದ್ದಕ್ಕೆ ಎಣ್ಣೆ ಮರಳು ಹಚ್ಚಿ ಹೊಳಪು ಕೊಡುವ ಹೆಂಗಸರಲ್ಲಿ ಒಬ್ಬಳು. ಸೊಂಟಕ್ಕೆ ಕಂದು ಕಾಗದದ ಏಪ್ರನ್ನು, ತಲೆಗೆ ಕೆಂಪು ವಸ್ತ್ರ. ನಮ್ಮ ಬಾಯಿಗೆ ಹೆದರಿ ಪೊಲೀಸಿನವನು ಕೂಡ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದ. ಅಂಥ ಬಾಯಿ ಇದ್ದೂ ನನ್ನ ತಮ್ಮನನ್ನು ಉಳಿಸಿಕೊಳ್ಳಲಾಗಲಿಲ್ಲವಲ್ಲ ಎನ್ನುವ ಸಂಕಟ ಇವತ್ತಿಗೂ ಹೋಗಿಲ್ಲ.

ನಮ್ಮಲ್ಲಿ ಮಂಡೇ ಎನ್ನುವ ಹೆಸರನ್ನು ದಿನಕ್ಕೆ ಬಳಸಿದ್ದಕ್ಕಿಂತ ಹೆಚ್ಚಾಗಿ ಮನುಷ್ಯರ ನಡತೆಗೆ ಬಳಸುತ್ತಿದ್ದೆವು. ಅವನು ಮಂಡೇ ಮಾಡ್ತಿದಾನೆ ಅಂದರೆ ಕಲ್ಲಿಗೆ ಬೆನ್ನು ಹಾಕಿ, ನಾಯಿ ಕಟ್ಟಿಕೊಂಡು ಗುಡ್ಡಕ್ಕೋ ಬಿಯರಿನ ಅಂಗಡಿಗೋ ಹೋಗಿದ್ದಾನೆ ಎಂದರ್ಥ. ಬುಧವಾರವೂ ಸೆಟೆದು ಬಿದ್ದಿರುವವನನ್ನು ಕಂಡರೆ, ಏನಪ್ಪಾ, ನಿಂದಿನ್ನೂ ಮಂಡೇನೇ ಮುಗೀಲಿಲ್ವಾ ಎಂದು ಕೇಳುತ್ತಿದ್ದೆವು. ಹೆಣ್ಣು ಕೊಡುವವರು ಹುಡುಗನ ಕೂಲಿ ವಿಚಾರಿಸುವ ಮೊದಲು ಅವನು ಎಂಥಾ ಮಂಡೇ ಮಾಡುತ್ತಾನೆ ಎಂದು ವಿಚಾರಿಸುತ್ತಿದ್ದರು. ಶನಿವಾರ ಮಾಲು ಒಪ್ಪಿಸಬೇಕಲ್ಲ, ಅದಕ್ಕೆ ಗುರುವಾರದಿಂದ ಮೈಮೇಲೆ ದೆವ್ವ ಬಂದವರಂತೆ ದುಡಿಯುತ್ತಿದ್ದರು, ಆಗ ಸಾಣೆಮನೆಯೊಳಗೆ ಪಕ್ಕದವನ ಮುಖ ಕಾಣದಷ್ಟು ಧೂಳು. ಸೋಮವಾರ ಗುಡ್ಡದ ಮೇಲೆ ನಿಂತು ಕೆಮ್ಮಿ ಕೆಮ್ಮಿ ಅದನ್ನೆಲ್ಲ ಹೊರಗೆ ಹಾಕಿಬಿಡಬಹುದು, ಅಲ್ಲಿಯ ಗಾಳಿ ಎದೆಯನ್ನು ತೊಳೆದು ಕೊಡುತ್ತದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಹೆಂಗಸರಾದ ನಮಗೆ ಅದೇ ದಿನ ಬಟ್ಟೆ ಒಗೆತ. ಅವರು ಎದೆ ತೊಳೆದುಕೊಂಡು ಬರುವಷ್ಟರಲ್ಲಿ ನಾವು ಅವರ ಅಂಗಿ ತೊಳೆದ ಹಂಡೆಯ ನೀರು ಮೂರು ಸಲ ಚೆಲ್ಲಿರುತ್ತಿದ್ದೆವು, ಹಳದಿ ರಾಡಿ.

ಒಂದು ಸೋಮವಾರ ಹೊಸದಾಗಿ ಬಂದ ಪಾದ್ರಿ, ಇನ್ನೂ ಮೀಸೆ ಗಟ್ಟಿಯಾಗದವನು, ಬಿಯರಿನ ಅಂಗಡಿಯ ಬಾಗಿಲಲ್ಲಿ ನಿಂತು ಬುದ್ಧಿ ಹೇಳಿದ. ಮಂಡೇ ಎಂಬ ಸಂತ ಯಾವ ಪುಸ್ತಕದಲ್ಲೂ ಇಲ್ಲ. ಅದು ಮೂನ್ ಎಂಬ ಚಂದ್ರನ ಹೆಸರು ಬಾಯಿಂದ ಬಾಯಿಗೆ ಸವೆದು ಉಳಿದದ್ದು. ಯೇಸುವಿನ ಹೆಸರು ಈ ದೇಶಕ್ಕೆ ಬರುವ ಮೊದಲು ನಮ್ಮ ಪೂರ್ವಿಕರು ಒಂದೊಂದು ದಿನವನ್ನೂ ಒಂದೊಂದು ದೈವಕ್ಕೆ ಬಿಟ್ಟಿದ್ದರು, ನೀವು ಆ ಅಜ್ಞಾನಿಗಳ ಚಂದ್ರನನ್ನು ಪೂಜೆ ಮಾಡುತ್ತಿದ್ದೀರಿ ಎಂದ. ನನ್ನ ತಮ್ಮ ಎದ್ದು ನಿಂತು ಟೊಪ್ಪಿಗೆ ತೆಗೆದ. ಆಗ ಅವನಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ, ಹೆಗಲು ಅಗಲ, ನಗು ಇನ್ನೂ ಅಗಲ.

"ಹಂಗಾದ್ರೆ ಸರಿಹೋಯ್ತು ಬಿಡಿ ಸ್ವಾಮಿ," ಎಂದ. "ಚಂದ್ರ ರಾತ್ರಿ ಪಾಳಿಯವನು. ಅವನ ದಿನ ಹಗಲು ಹೊತ್ತು ಕೆಲಸ ಮಾಡಿದ್ರೆ ಅವನಿಗೆ ನಿದ್ದೆ ಕೆಡಲ್ವಾ?"

ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು, ನಕ್ಕವರು ಆಮೇಲೆ ಕೆಮ್ಮಿದರು. ಪಾದ್ರಿಗೂ ನಗು ತಡೆಯಲಾಗಲಿಲ್ಲ. ಇಂಥ ಮಾತಿನಿಂದಲೇ ಏಮಸ್ ಎಲ್ಲರಿಗೂ ಬೇಕಾದವನಾಗಿದ್ದ, ಅವನಿಲ್ಲದ ಸೋಮವಾರ ಉಪ್ಪಿಲ್ಲದ ಗಂಜಿ ಎನ್ನುತ್ತಿದ್ದರು.

ಅವನ ಹೆಂಡತಿ ಹೆಪ್ಸಿಗೆ ಮಾತ್ರ ಈ ಸಂತನನ್ನು ಕಂಡರೆ ಆಗುತ್ತಿರಲಿಲ್ಲ. ಅವಳ ಅಪ್ಪ ಫೋರ್ಕಿನವನು, ಅಣ್ಣನೂ ಫೋರ್ಕಿನವನು, ಇಬ್ಬರನ್ನೂ ಸಾವಿನ ಹಾಸಿಗೆಯ ಪಕ್ಕ ಅವಳೇ ಕೂತು ಕಳಿಸಿಕೊಟ್ಟವಳು. ಆ ಕೆಮ್ಮು ಹೇಗೆ ಶುರುವಾಗುತ್ತದೆ, ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಏಮಸ್ ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬಿಗೆ ಒರಗಿ ಕೂತು ನಿದ್ದೆ ಮಾಡಲು ಶುರು ಮಾಡಿದ ವಾರವೇ ಅವಳ ಮುಖ ಬದಲಾಯಿತು.

ಅದೇ ಸಮಯಕ್ಕೆ ಸಾಣೆಮನೆಯ ಮಾಲೀಕ ಡ್ರಾಬಲ್ ಒಂದು ಸುದ್ದಿ ತಂದ. ಕಲ್ಲಿನ ಹಿಂದೆ ಮರದ ಕೊಳವೆ ಕೂರಿಸಿ, ಅದರ ತುದಿಗೆ ಯಂತ್ರದಿಂದಲೇ ತಿರುಗುವ ಫ್ಯಾನು ಹಾಕಿದರೆ ಧೂಳನ್ನೆಲ್ಲ ಎಳೆದು ಹೊರಗಿನ ಗಲ್ಲಿಗೆ ಉಗುಳುತ್ತದೆ. ಬೇರೆ ಕಡೆ ಹಾಕಿದ್ದಾರೆ, ನಾನೂ ನನ್ನ ಖರ್ಚಿನಲ್ಲೇ ಹಾಕಿಸುತ್ತೇನೆ, ಆದರೆ ಸೋಮವಾರ ಕೆಲಸಕ್ಕೆ ಬರಬೇಕು ಎಂದ. ಅವನೇನು ಧರ್ಮಾತ್ಮನಲ್ಲ. ಸೋಮವಾರ ಬೆಂಕಿ ಹಾಕಿದ ಯಂತ್ರ ಬರಿದೇ ಸುತ್ತುವುದನ್ನು ನೋಡಿ ಅವನ ಹೊಟ್ಟೆ ಉರಿಯುತ್ತಿತ್ತು.

ಫೋರ್ಕಿನ ಸಾಣೆಯವರ ಸಂಘದವರು ಬಿಯರಿನ ಅಂಗಡಿಯ ಮಹಡಿಯಲ್ಲಿ ಸೇರಿದರು. ಸಂಘಕ್ಕೆ ಹಿರಿಯ ಜಾಬೆಜ್ ಬ್ಯಾಗ್‌ಷಾ. ಹಿರಿಯನೆಂದರೆ ಎಷ್ಟು, ನಲವತ್ತೂ ಆಗಿರಲಿಲ್ಲ. ಅವನು ಅಲ್ಲಿ ಆಡಿದ ಮಾತನ್ನು ಏಮಸ್ ಆಮೇಲೆ ನನ್ನ ಮುಂದೆ ಹಾಗೇ ಒಪ್ಪಿಸಿದ.

"ನೋಡ್ರಪ್ಪಾ, ನಾವು ಬೇಗ ಸಾಯ್ತೀವಿ, ಅದಕ್ಕೇ ನಮಗೆ ಕೂಲಿ ಜಾಸ್ತಿ. ಈ ಫ್ಯಾನು ಹಾಕ್ಕೊಂಡು ಎಲ್ಲಾ ಅರವತ್ತು ವರ್ಷ ಬದುಕೋಕೆ ಕೂತ್ರೆ, ಬರೋ ಮಕ್ಕಳಿಗೆ ಕುದುರೆ ಎಲ್ಲಿಂದ ತರ್ತೀರಿ? ಒಂದು ಕಲ್ಲಿಗೆ ಮೂರು ಜನ ಕಿತ್ತಾಡಿ ಅರ್ಧ ಕೂಲಿಗೆ ಬಂದು ನಿಲ್ತೀವಿ. ಧೂಳಿಂದ ಸಾಯೋ ಬದಲು ಹಸಿವಿಂದ ಸಾಯ್ತೀವಿ. ಅದರ ಮೇಲೆ ಮಂಡೇನೂ ಹೋಯ್ತು."

ಇಂಥ ಮಾತನ್ನು ಬೇರೆ ಯಾವ ಕಸುಬಿನವರ ಮುಂದೆ ಆಡಿದ್ದರೂ ಹುಚ್ಚ ಎಂದು ಓಡಿಸುತ್ತಿದ್ದರು. ಇಲ್ಲಿ ಎಲ್ಲರೂ ತಲೆಯಾಡಿಸಿದರು. ಫ್ಯಾನು ಬೇಡ ಎಂದು ಮೊದಲು ಕೈ ಎತ್ತಿದವನು ನನ್ನ ತಮ್ಮ.

ಅದಾದ ಮುಂದಿನ ಸೋಮವಾರ ನಾನು ಹೆಪ್ಸಿಯ ಜೊತೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಏಮಸ್ ಗುಡ್ಡಕ್ಕೆ ಹೊರಟು ನಿಂತಿದ್ದ. ಅವಳು ಹಿಂಡುತ್ತಿದ್ದ ಅಂಗಿಯನ್ನು ಹಂಡೆಗೆ ಬಿಟ್ಟು ಅವನ ದಾರಿಗೆ ಅಡ್ಡ ಬಂದಳು.

"ಈ ಗಲ್ಲೀಲಿ ಯಾವಳಿಗಾದ್ರೂ ಒಬ್ಬ ಮುದುಕ ಗಂಡ ಇದಾನಾ? ಒಬ್ಬಳನ್ನ ತೋರಿಸು. ನನಗೊಬ್ಬ ಮುದುಕ ಬೇಕು ಕಣೋ. ಹಲ್ಲಿಲ್ಲದೆ, ಬೆಳಗಿಂದ ಸಂಜೆಗಂಟ ಗೊಣಗುಟ್ಕೊಂಡು, ಒಲೆ ಮುಂದೆ ಕೂತು ದಾರಿಗೆ ಅಡ್ಡ ಆಗೋ ಮುದುಕ. ಅಷ್ಟೇ ನಾನು ಕೇಳ್ತಿರೋದು. ಅದೂ ಜಾಸ್ತೀನಾ?"

ಏಮಸ್ ಏನೋ ತಮಾಷೆ ಮಾಡಲು ಬಾಯಿ ತೆರೆದ. ಕೆಮ್ಮು ಬಂತು. ಗೋಡೆ ಹಿಡಿದುಕೊಂಡು ಕೆಮ್ಮಿ, ಕಪ್ಪಗೆ ಉಗುಳಿ, ಗುಡ್ಡಕ್ಕೆ ಹೋದ. ಹೆಪ್ಸಿ ಲಂಗಕ್ಕೆ ಕೈ ಒರೆಸಿಕೊಂಡು ಸೀದಾ ಡ್ರಾಬಲ್‌ನ ಮನೆಗೆ ಹೋದಳು. ಸಂಘ ಬೇಡ ಅಂದರೆ ಅನ್ನಲಿ, ನನ್ನ ಗಂಡನ ಒಂದು ಕಲ್ಲಿಗೆ ಫ್ಯಾನು ಹಾಕಿಸಿ ಕೊಡಿ, ಅವನು ಸೋಮವಾರ ಬರುವ ಹೊಣೆ ನನ್ನದು ಎಂದು ಹೇಳಿ ಬಂದಳು. ಒಬ್ಬ ಬಂದರೆ ಹಿಂದೆ ಹತ್ತು ಜನ ಬರುತ್ತಾರೆ ಎಂದು ಡ್ರಾಬಲ್ ಲೆಕ್ಕ ಹಾಕಿದ, ಒಪ್ಪಿದ.

ಏಮಸ್ ಒಪ್ಪಿದ್ದು ಹೇಗೆ ಎಂದರೆ ಅವಳು ಊಟ ಬಿಟ್ಟಳು. ಜಗಳಕ್ಕೆ ಅವನು ಹೆದರುವವನಲ್ಲ, ಅವಳ ಉಪವಾಸಕ್ಕೆ ಹೆದರಿದ. ಒಂದು ಸೋಮವಾರ ಬೆಳಗ್ಗೆ ಎಲ್ಲರೂ ನೋಡುತ್ತಿದ್ದಂತೆ, ಬಿಯರಿನ ಅಂಗಡಿಯ ಮುಂದೆಯೇ ಹಾದು ಕೆಲಸಕ್ಕೆ ಹೋದ. ಮುಖಕ್ಕೆ ಕಟ್ಟಿಕೊಳ್ಳಲಿ ಎಂದು ನನ್ನ ತಲೆಯ ಕೆಂಪು ವಸ್ತ್ರ ಬಿಚ್ಚಿ ಕೊಟ್ಟಿದ್ದೆ, ಅದನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದ.

ಜೊತೆಯವರು ಅವನಿಗೆ ತಾತ ಎಂದು ಹೆಸರಿಟ್ಟರು. ಮಂಗಳವಾರ ಅವನು ಒಳಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಲ್ಲುವುದು, ತಾತ ಬಂದ್ರು, ಕೈ ಹಿಡ್ಕೊಳ್ರೋ ಎನ್ನುವುದು. ತಾತಾ, ನಮ್ಮ ಮೊಮ್ಮಕ್ಕಳಿಗೆ ನಮ್ಮ ಕಥೆ ನೀನೇ ಹೇಳ್ಬೇಕು, ನಾವಂತೂ ಇರಲ್ಲ ಎನ್ನುವುದು. ಏಮಸ್ ಅವರ ಜೊತೆ ತಾನೂ ನಗುತ್ತಿದ್ದ. ಫ್ಯಾನು ಮಾತ್ರ ಹೇಳಿದ ಕೆಲಸ ಮಾಡಿತು. ಎರಡು ತಿಂಗಳಲ್ಲಿ ಅವನು ಕಾಲು ನೀಡಿ ಮಲಗಿ ನಿದ್ದೆ ಮಾಡಿದ. ಅವತ್ತು ಹೆಪ್ಸಿ ಓಟ್ಸ್ ರೊಟ್ಟಿಯ ಜೊತೆ ಹಂದಿಕಾಲು ಬೇಯಿಸಿ ನನ್ನನ್ನೂ ಊಟಕ್ಕೆ ಕರೆದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನನಗೂ ನೆಮ್ಮದಿಯಾಗಿತ್ತು, ಸುಳ್ಳೇಕೆ.

ಆಮೇಲೆ ಇಲಿ ಬಂತು. ಸಂಘಕ್ಕೆ ಎದುರು ನಿಂತವನಿಗೆ ನಮ್ಮಲ್ಲಿ ಕೊಡುವ ಶಿಕ್ಷೆ ಅದು. ಯಂತ್ರದಿಂದ ಕಲ್ಲು ತಿರುಗಿಸುವ ಚರ್ಮದ ಬೆಲ್ಟು ಒಂದು ಬೆಳಗ್ಗೆ ಮಾಯವಾಗಿರುತ್ತದೆ. ಯಾರನ್ನು ಕೇಳಿದರೂ ಇಲಿ ಒಯ್ದಿರಬೇಕು ಎನ್ನುತ್ತಾರೆ, ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಬೆಲ್ಟಿಲ್ಲದವನಿಗೆ ಕೂಲಿಯಿಲ್ಲ. ಹೆಪ್ಸಿಯೂ ನಾನೂ ಜಾಬೆಜ್‌ನ ಮನೆ ಬಾಗಿಲಿಗೆ ಹೋಗಿ, ನಾನು ನನ್ನ ಬಾಯಿಯನ್ನೆಲ್ಲ ಖರ್ಚು ಮಾಡಿ, ಕೊನೆಗೆ ಸಂಘಕ್ಕೆ ತಪ್ಪುಕಾಣಿಕೆ ಕಟ್ಟಿದ ಮೇಲೆ ಬೆಲ್ಟು ಹೊಸಿಲಿನ ಮುಂದೆ ಸುರುಳಿ ಸುತ್ತಿ ಬಿದ್ದಿತ್ತು. ಏಮಸ್ ಮತ್ತೆ ಸೋಮವಾರ ಕೆಲಸಕ್ಕೆ ಹೋದ. ಅಲ್ಲಿಂದ ಮುಂದೆ ಅವನನ್ನು ಯಾರೂ ತಾತ ಎನ್ನಲಿಲ್ಲ. ಏನೂ ಅನ್ನಲಿಲ್ಲ. ಪಕ್ಕದ ಕುದುರೆಯವನು ಬೆಂಕಿಪೊಟ್ಟಣ ಕೇಳುವುದನ್ನೂ ಬಿಟ್ಟ.

ಚಳಿಗಾಲ ಹತ್ತಿರ ಬಂದಾಗ ಒಂದು ಮಂಗಳವಾರ ಫ್ಯಾನು ಮುರಿದು ಬಿದ್ದಿತ್ತು. ಕೊಳವೆಯ ಬಾಯಿಗೆ ಯಾರೋ ಒದ್ದೆ ಬಟ್ಟೆ, ಜೇಡಿಮಣ್ಣು ತುರುಕಿದ್ದರು, ರೆಕ್ಕೆಗಳನ್ನು ಸುತ್ತಿಗೆಯಿಂದ ಜಜ್ಜಿದ್ದರು. ಡ್ರಾಬಲ್ ಬಂದು ನೋಡಿ, ನಿಮ್ಮಂಥವರಿಗೆ ಒಳ್ಳೆಯದು ಮಾಡಲು ಹೋದ ನನಗೇ ಬುದ್ಧಿ ಇಲ್ಲ ಎಂದು ಉಳಿದದ್ದನ್ನೂ ಕಿತ್ತು ಗುಜರಿಗೆ ಹಾಕಿಸಿದ. ಹೆಪ್ಸಿ ಸಾಣೆಮನೆಯ ಅಂಗಳದಲ್ಲಿ ನಿಂತು, ಇದನ್ನು ಮಾಡಿದ ಕೈಗೆ ಹುಳ ಬೀಳಲಿ ಎಂದು ಹಿಡಿ ಮಣ್ಣು ತೂರಿ ಶಾಪ ಹಾಕಿದಳು. ಜಾಬೆಜ್ ನಾನಲ್ಲ ಎಂದ. ಅವನ ಮಾತನ್ನು ಯಾರು ನಂಬುತ್ತಾರೆ?

ನಾನು ಆ ಕೊಳವೆಯ ಬಾಯಿಂದ ಬಟ್ಟೆ ಎಳೆಯುವುದನ್ನು ನೋಡುತ್ತಾ ನಿಂತಿದ್ದೆ. ಎಲ್ಲಕ್ಕಿಂತ ಒಳಗಿನಿಂದ ಬಂದದ್ದು ಏಮಸ್‌ಗೆ ಕೊಟ್ಟಿದ್ದ ನನ್ನ ಕೆಂಪು ವಸ್ತ್ರ. ನಾನೇ ಅಂಚು ಹೊಲಿದದ್ದು, ಗುರುತು ತಪ್ಪುವ ಹಾಗಿಲ್ಲ. ಯಾರೂ ಗಮನಿಸುವ ಮೊದಲು ಅದನ್ನು ಮುದುರಿ ಬಟ್ಟೆಯೊಳಗೆ ಬಚ್ಚಿಟ್ಟುಕೊಂಡೆ.

ಏಮಸ್‌ನನ್ನು ಕಾಲುವೆಯ ಪಕ್ಕ ಕರೆದುಕೊಂಡು ಹೋಗಿ ಕೇಳಿದೆ. ಅವನು ಒಮ್ಮೆಯೂ ಇಲ್ಲ ಎನ್ನಲಿಲ್ಲ.

"ಅಕ್ಕಾ, ಸೋಮವಾರ ಆ ಸಾಣೆಮನೇಲಿ ನಾನೊಬ್ಬನೇ ಕೂತಿರ್ತೀನಿ. ಕಿಟಕೀಲಿ ನೋಡಿದ್ರೆ ಅವರೆಲ್ಲ ಗುಡ್ಡಕ್ಕೆ ಹೋಗ್ತಿರ್ತಾರೆ. ಒಬ್ಬನೂ ಈ ಕಡೆ ತಿರುಗಲ್ಲ. ತಾತ ಅಂತ ಆಡ್ಕೊಳ್ತಿದ್ರಲ್ಲ, ಅದೇ ಎಷ್ಟೋ ವಾಸಿ ಇತ್ತು. ಉಸಿರೇನೋ ಆಡ್ತಿದೆ. ಅದನ್ನ ಇಟ್ಕೊಂಡು ಯಾರ ಹತ್ರ ಮಾತಾಡ್ಲಿ?"

"ಹೆಪ್ಸಿ ಹತ್ರ ಆಡೋ," ಎಂದೆ. "ಅವಳು ಕೇಳಿದ್ದು ಇನ್ನೇನು?"

ಅವನ ಕಪಾಳಕ್ಕೆ ಒಂದು ಬಾರಿಸಿದೆ. ಮದುವೆಯಾದ ತಮ್ಮನ ಮೇಲೆ ಕೈ ಮಾಡಿದೆನಲ್ಲ ಎಂದು ಆಮೇಲೆ ನಾನೇ ಅತ್ತೆ. ಹೆಪ್ಸಿಗೆ ಹೇಳಬೇಡ ಎಂದು ಅವನು ಬೇಡಿಕೊಂಡ. ನಾನು ಹೇಳುವುದಿಲ್ಲ, ಹೇಳಬೇಕಾದವನು ನೀನು, ಬಾಯಿ ಇರುವಾಗಲೇ ಹೇಳು ಎಂದು ಬಂದುಬಿಟ್ಟೆ.

ಮುಂದಿನ ಸೋಮವಾರ ಜೊತೆಯವರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಿಯರಿನ ಅಂಗಡಿಗೆ ಮೆರವಣಿಗೆ ಮಾಡಿದರು. ಫ್ಯಾನು ಯಾರು ಒಡೆದದ್ದೆಂದು ಅವರು ಕೇಳಲಿಲ್ಲ, ಅವರಲ್ಲೇ ಒಬ್ಬ ಎಂದು ಪ್ರತಿಯೊಬ್ಬನೂ ತಿಳಿದುಕೊಂಡಿದ್ದ. ಏಮಸ್ ಟೊಪ್ಪಿಗೆ ಬೀಸುತ್ತಾ ನಗುತ್ತಿದ್ದ. ಅವನ ಮುಖ ಅಷ್ಟು ಅರಳಿದ್ದನ್ನು ನೋಡಿ ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಒಣ ಧೂಳಿಗೆ ಮತ್ತೆ ಮುಖ ಕೊಟ್ಟ ಎದೆ ಹೆಚ್ಚು ದಿನ ಬಾಳಲಿಲ್ಲ. ಮುಂದಿನ ಚಳಿಗಾಲಕ್ಕೆ ಅವನು ಹಾಸಿಗೆ ಹಿಡಿದ. ಹೆಪ್ಸಿ ಎದೆಗೆ ಬಿಸಿ ಹಿಟ್ಟು ಕಟ್ಟುತ್ತಾ, ಬೆನ್ನು ಉಜ್ಜುತ್ತಾ, ಫ್ಯಾನು ಒಡೆದವನಿಗೆ ದಿನವೂ ತಪ್ಪದೆ ಹಿಡಿಶಾಪ ಹಾಕುತ್ತಿದ್ದಳು. ಅವನ ಮನೆ ದೀಪ ಆರಲಿ, ಆ ಕೈ ಸೇದಿಹೋಗಲಿ, ಅವನಿಗೂ ಹೀಗೇ ಕೂತು ಸಾಯುವ ಗತಿ ಬರಲಿ. ಗಂಡ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ನಾನು ಅಲ್ಲಿರಲಾರದೆ ಏನಾದರೂ ನೆಪ ಹೇಳಿ ಹೊರಗೆ ಬರುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅವಳು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಇಟ್ಟುಕೊಂಡು ಕೂತಿದ್ದಳು. ನಾನು ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದೆ. ಮತ್ತೆ ಆ ಶಾಪ ಶುರುವಾಯಿತು.

"ಸಾಕು ಹೆಪ್ಸೀ," ಎಂದ ಏಮಸ್. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಿತ್ತು. "ಆ ಕೈ ಇದೇ. ನೀನು ಹಿಡ್ಕೊಂಡಿದೀಯಲ್ಲ, ಇದೇ."

ಅವಳಿಗೆ ತಕ್ಷಣ ತಿಳಿಯಲಿಲ್ಲ. ನನ್ನ ಕಡೆ ತಿರುಗಿ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ಆ ಕೈಯನ್ನು ಕಂಬಳಿಯ ಮೇಲೆ ಇಟ್ಟಳು. ಎಸೆಯಲಿಲ್ಲ, ಕುದಿಯುತ್ತಿದ್ದ ಪಾತ್ರೆಯನ್ನು ಇಡುವ ಹಾಗೆ ಹುಷಾರಾಗಿ ಇಟ್ಟು, ಎದ್ದು ಹೋಗಿ ಓಟ್ಸ್ ಹಿಟ್ಟು ಕಲೆಸಲು ಕೂತಳು. ಆಮೇಲೂ ಅವನಿಗೆ ಉಣ್ಣಿಸಿದಳು, ಮೈ ಒರೆಸಿದಳು, ಬಟ್ಟೆ ಬದಲಿಸಿದಳು. ಮಾತು ಮಾತ್ರ ಆಡಲಿಲ್ಲ, ಕೈ ಮತ್ತೆ ಹಿಡಿಯಲಿಲ್ಲ. ಬುಧವಾರ ಬೆಳಗ್ಗೆ ಅವನು ಹೋದ.

ಜಾಬೆಜ್ ಟೊಪ್ಪಿಗೆ ಕೈಯಲ್ಲಿ ಹಿಡಿದು ಬಂದ. ಅವನಿಗೂ ಆಗಲೇ ಮೆಟ್ಟಿಲು ಹತ್ತುವಷ್ಟು ಉಸಿರಿರಲಿಲ್ಲ, ಬಾಗಿಲಲ್ಲೇ ನಿಂತ. ಸಾಣೆಯವರ ಹೆಣವನ್ನು ಸೋಮವಾರವೇ ಎತ್ತುವುದು ನಮ್ಮ ಕಡೆಯ ವಾಡಿಕೆ. ಅವತ್ತು ಯಾರ ಕೂಲಿಯೂ ಕೆಡುವುದಿಲ್ಲ, ಊರಿನ ಸಾಣೆಯವರೆಲ್ಲ ಸಾಲಾಗಿ ಹಿಂದೆ ನಡೆಯುತ್ತಾರೆ. ಏಮಸ್‌ಗೆ ವಾದ್ಯದವರನ್ನೂ ಮಾತಾಡಿದ್ದೇವೆ ಎಂದ.

"ಶನಿವಾರ," ಎಂದಳು ಹೆಪ್ಸಿ.

ಜಾಬೆಜ್ ನನ್ನ ಮುಖ ನೋಡಿದ. ಶನಿವಾರ ಮಾಲು ಒಪ್ಪಿಸುವ ದಿನ, ಒಬ್ಬನಿಗೂ ಕಲ್ಲು ಬಿಟ್ಟು ಏಳಲಾಗುವುದಿಲ್ಲ, ಹೆಣ ಹೊರಲು ನಾಲ್ಕು ಜನ ಗಂಡಸರು ಸಿಗುವುದಿಲ್ಲ ಎಂದು ತಿಳಿಸಿ ಹೇಳಿದ. ಮಂಡೇಗೆ ಅವನಷ್ಟು ನಡೆದುಕೊಂಡವರು ಯಾರಿದ್ದಾರಮ್ಮಾ, ಅವನನ್ನು ಅವನ ದಿನವೇ ಕಳಿಸೋಣ ಎಂದು ಕೈ ಮುಗಿದ.

"ಜೀವ ಇರೋಗಂಟ ನಿಮ್ಮ ಮಂಡೇಗೆ ಕೊಟ್ಟಾಯ್ತು," ಎಂದಳು ಅವಳು. "ಹೆಣ ನಂದು."

ಶನಿವಾರ ಒಬ್ಬ ಗಂಡಸೂ ಬರಲಿಲ್ಲ. ನಾನು ನಮ್ಮ ಹೊಳಪು ಮನೆಯ ಹೆಂಗಸರನ್ನು ಕರೆದೆ, ಕಾಗದದ ಏಪ್ರನ್ನು ಬಿಚ್ಚಲೂ ಹೊತ್ತಿಲ್ಲದೆ ಹಾಗೇ ಬಂದರು. ಆರು ಜನ ಪೆಟ್ಟಿಗೆ ಹೊತ್ತೆವು. ಎಷ್ಟು ಅಗಲದ ಹೆಗಲು ಅವನದು, ಪೆಟ್ಟಿಗೆ ಎಷ್ಟು ಹಗುರ ಇತ್ತೆಂದರೆ ಒಳಗೆ ಇದ್ದಾನೋ ಇಲ್ಲವೋ ಅನ್ನಿಸಿತು. ದಾರಿ ಸಾಣೆಮನೆಯ ಮುಂದೆಯೇ ಹೋಗುತ್ತದೆ. ಒಳಗೆ ಯಂತ್ರ ಭರ್ರೆಂದು ಓಡುತ್ತಿತ್ತು, ಕಿಟಕಿಗಳಿಂದ ಧೂಳು ಹೊಗೆಯಂತೆ ಬರುತ್ತಿತ್ತು, ಅದರ ಹಿಂದೆ ಯಾರ ಮುಖವೂ ಕಾಣಲಿಲ್ಲ.

ಮಣ್ಣು ಮುಚ್ಚಿದ ಮೇಲೆ ಹೆಂಗಸರು ಒಬ್ಬೊಬ್ಬರೇ ಹೆಪ್ಸಿಯ ಭುಜ ಮುಟ್ಟಿ ಕೆಲಸಕ್ಕೆ ಓಡಿದರು, ಅವರಿಗೂ ಸಂಜೆಯೊಳಗೆ ಮಾಲು ಒಪ್ಪಿಸುವುದಿತ್ತು. ಅವಳು ಅಲ್ಲೇ ಹಸಿ ಮಣ್ಣಿನ ಪಕ್ಕ ಕೂತಳು. ಬಹಳ ಹೊತ್ತಿನ ಮೇಲೆ ಆ ಮಣ್ಣಿನ ಮೇಲೆ ಅಂಗೈ ಊರಿ, ಬಾಯಿ ಬಿಟ್ಟು ಅತ್ತಳು. ಅವತ್ತಿನ ಕೂಲಿ ಹೋದರೆ ಹೋಗಲಿ ಎಂದು ನಾನೂ ಕೂತೆ. ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ.